ವಾಹನಗಳ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲಿ ಹಂಚಿಕೊಳ್ಳುವಾಗ ಮಾಲೀಕರು ವಹಿಸಬೇಕಾದ ಎಚ್ಚರಿಕೆ

ಹೊಸ ವಾಹನವನ್ನು ಮನೆಗೆ ತಂದ ದಿನ, ಆಯುಧಪೂಜೆಯ ದಿನ, ಪ್ರವಾಸದ ಸಂದರ್ಭ ಹಾಗೂ ಹಳೆಯ ವಾಹನವನ್ನು ಮಾರಾಟಕ್ಕೆ ಇಡುವ ಸಂದರ್ಭಗಳಲ್ಲಿ ವಾಹನದ ಛಾಯಾಚಿತ್ರಗಳನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮುಂತಾದ ಮಾಧ್ಯಮಗಳಲ್ಲಿ ಹಂಚಿಕೊಳ್ಳುವುದು ಇಂದು ಸಾಮಾನ್ಯವಾಗಿದೆ. ಇದಕ್ಕೆ ಕಾನೂನಿನ ಯಾವುದೇ ನಿರ್ಬಂಧವಿರುವುದಿಲ್ಲ. ಆದರೆ ವಾಹನದ ಒಂದು ಚಿತ್ರದಲ್ಲಿ ಮಾಲೀಕರು ತೋರಿಸಲು ಉದ್ದೇಶಿಸಿದ ವಿವರಗಳಿಗಿಂತ ಹೆಚ್ಚಿನ ವಿವರಗಳು ಅಡಕವಾಗಿರುತ್ತವೆ. ಯಾವ ವಿವರ ಬಹಿರಂಗವಾದರೂ ಬಾಧಕವಿಲ್ಲ, ಯಾವುದನ್ನು ಮರೆಮಾಡುವುದು ಅವಶ್ಯ ಮತ್ತು ದುರುಪಯೋಗವಾದಲ್ಲಿ ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ವಾಹನ ಮಾಲೀಕರ ಹಾಗೂ ನೋಂದಣಿ ಸಂಬಂಧಿತ ಸೇವೆಗಳಿಗೆ ಅರ್ಜಿ ಸಲ್ಲಿಸುವವರ ಅವಗಾಹನೆಗಾಗಿ ಈ ಕೆಳಗೆ ವಿವರಿಸಲಾಗಿದೆ.

ನೋಂದಣಿ ಸಂಖ್ಯೆಯು ಗೋಪ್ಯ ವಿವರವೇ?

ನೋಂದಣಿ ಸಂಖ್ಯೆಯು ಗೋಪ್ಯವಾದ ವಿವರವಲ್ಲ. ಮೋಟಾರು ವಾಹನಗಳ ಅಧಿನಿಯಮ 1988 ಹಾಗೂ ಕೇಂದ್ರ ಮೋಟಾರು ವಾಹನಗಳ ನಿಯಮಗಳು 1989ರ ಪ್ರಕಾರ ವಾಹನದ ಮುಂಭಾಗ ಮತ್ತು ಹಿಂಭಾಗದಲ್ಲಿ ಅದನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸುವುದು ಕಡ್ಡಾಯ. ಪ್ರತಿದಿನ ರಸ್ತೆಯಲ್ಲಿ ಸಾವಿರಾರು ಜನರು ನೋಡುವ ಸಂಖ್ಯೆಯನ್ನು ಚಿತ್ರದಲ್ಲಿ ನೋಡಿದ ಮಾತ್ರಕ್ಕೆ ಯಾರೂ ವಾಹನವನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಸಾಧ್ಯವಿಲ್ಲ. ಈ ಬಗ್ಗೆ ಅನಗತ್ಯ ಭೀತಿ ಬೇಕಾಗಿಲ್ಲ.

ರಸ್ತೆಯಲ್ಲಿ ಕಾಣುವ ಸಂಖ್ಯೆಗೂ ಅಂತರ್ಜಾಲದಲ್ಲಿ ಕಾಣುವ ಸಂಖ್ಯೆಗೂ ಒಂದು ವ್ಯತ್ಯಾಸವಿದೆ. ರಸ್ತೆಯಲ್ಲಿ ಸಂಖ್ಯೆಯನ್ನು ನೋಡಿದವರಿಗೆ ಮಾಲೀಕರು ಯಾರೆಂದು ತಿಳಿಯುವುದಿಲ್ಲ. ಅಂತರ್ಜಾಲದ ಚಿತ್ರದಲ್ಲಿ ಸಂಖ್ಯೆಯ ಜೊತೆಯಲ್ಲಿಯೇ ಮಾಲೀಕರ ಹೆಸರು, ಮುಖ, ಕುಟುಂಬದ ಸದಸ್ಯರು, ಮನೆಯ ಗೇಟು ಮತ್ತು ದಿನಾಂಕ ಇರುತ್ತವೆ. ಕೆಎ-19 ಎಂದಿದ್ದಲ್ಲಿ ಮಂಗಳೂರು, ಕೆಎ-09 ಎಂದಿದ್ದಲ್ಲಿ ಮೈಸೂರು, ಕೆಎ-05 ಎಂದಿದ್ದಲ್ಲಿ ಬೆಂಗಳೂರಿನ ಜಯನಗರ ಕಛೇರಿಯ ನೋಂದಣಿ ಎಂಬುದನ್ನು ಯಾರಾದರೂ ತಿಳಿಯಬಹುದು. ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆಯನ್ನು ನಮೂದಿಸಿದಾಗ ವಾಹನದ ಮಾದರಿ, ಇಂಧನ, ನೋಂದಣಿ ದಿನಾಂಕ, ವಿಮೆಯ ಹಾಗೂ ಹೊಗೆ ತಪಾಸಣೆಯ ಅವಧಿ ಮುಂತಾದ ವಿವರಗಳು ದೊರೆಯುತ್ತವೆ. ಹಳೆಯ ವಾಹನ ಖರೀದಿಸುವವರ ಅನುಕೂಲಕ್ಕಾಗಿ ಇರುವ ಈ ಸೌಲಭ್ಯದಲ್ಲಿ ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಮಾತ್ರ ತೋರಿಸಿ ಉಳಿದವುಗಳನ್ನು ಮರೆಮಾಡಲಾಗಿರುತ್ತದೆ. ಹೀಗೆ ಮರೆಮಾಡಲಾದ ಹೆಸರನ್ನು ಮಾಲೀಕರು ತಾವೇ ಚಿತ್ರದ ಕೆಳಗೆ ಬರೆದು ಪ್ರಕಟಿಸಿದಲ್ಲಿ ಮರೆಮಾಚುವಿಕೆಯ ಉದ್ದೇಶವೇ ಈಡೇರದು. "ನಿಮ್ಮ ವಾಹನದ ವಿಮೆ ಮುಂದಿನ ವಾರ ಮುಗಿಯಲಿದೆ" ಎಂದು ಹೆಸರು ಹಿಡಿದು ಕರೆ ಮಾಡುವ ಅಪರಿಚಿತರಿಗೆ ಇಷ್ಟು ಮಾಹಿತಿ ಸಾಕಾಗುತ್ತದೆ.

ನೋಂದಣಿ ಫಲಕದ ಗೋಪ್ಯತೆಯ ವಿಷಯ ಹೊಸದೇನಲ್ಲ. ಗೂಗಲ್ ಸಂಸ್ಥೆಯು 2011ರ ಮೇ ತಿಂಗಳಲ್ಲಿ ಬೆಂಗಳೂರಿನ ರಸ್ತೆಗಳ ಚಿತ್ರೀಕರಣವನ್ನು ಪ್ರಾರಂಭಿಸಿ, ಪೊಲೀಸರ ಆಕ್ಷೇಪಣೆಯ ಮೇರೆಗೆ ಜೂನ್ ತಿಂಗಳಲ್ಲಿ ಸ್ಥಗಿತಗೊಳಿಸಿತು. 2022ರ ಜುಲೈ ತಿಂಗಳಲ್ಲಿ ಭಾರತೀಯ ಸಂಸ್ಥೆಗಳ ಸಹಯೋಗದಲ್ಲಿ ಸ್ಟ್ರೀಟ್ ವ್ಯೂ ಸೌಲಭ್ಯವು ಮತ್ತೆ ಪ್ರಾರಂಭವಾದಾಗ ಜನರ ಮುಖಗಳನ್ನೂ ವಾಹನಗಳ ನೋಂದಣಿ ಫಲಕಗಳನ್ನೂ ಮಸುಕುಗೊಳಿಸಿಯೇ ಪ್ರಕಟಿಸಲಾಯಿತು. ಒಂದು ಸಂಸ್ಥೆ ಅಪರಿಚಿತರ ವಾಹನಗಳಿಗೆ ಪಾಲಿಸುವ ಕ್ರಮವನ್ನು ಮಾಲೀಕರು ತಮ್ಮ ಸ್ವಂತ ವಾಹನಕ್ಕೆ ಪಾಲಿಸುವುದು ಕಷ್ಟವೇನಲ್ಲ.

ಮರೆಮಾಡುವುದು ಚಿತ್ರದಲ್ಲಿ ಮಾತ್ರ ಎಂಬುದನ್ನು ಗಮನಿಸತಕ್ಕದ್ದು. ಚಿತ್ರ ಅಥವಾ ವಿಡಿಯೋ ತೆಗೆಯುವ ಸಲುವಾಗಿ ಫಲಕದ ಮೇಲೆ ಕಾಗದ, ಟೇಪು ಅಂಟಿಸಿ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಚಾಲನೆ ಮಾಡುವುದು ಅಪರಾಧವಾಗುತ್ತದೆ.

ಚಾಸಿಸ್ ಸಂಖ್ಯೆ ಮತ್ತು ನೋಂದಣಿ ಪ್ರಮಾಣ ಪತ್ರ

ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಚಾಸಿಸ್ ಸಂಖ್ಯೆಯ ವಿಷಯದಲ್ಲಿ. ಪರಿವಾಹನ್ ಜಾಲತಾಣದ ವಾಹನ್ ಸೇವೆಗಳ ಪೈಕಿ ಅನೇಕ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ನೋಂದಣಿ ಸಂಖ್ಯೆಯ ಜೊತೆಗೆ ಚಾಸಿಸ್ ಸಂಖ್ಯೆಯ ಕೊನೆಯ ಐದು ಅಕ್ಷರಗಳನ್ನು ನಮೂದಿಸಬೇಕಾಗುತ್ತದೆ. ಅರ್ಜಿದಾರರ ಕೈಯಲ್ಲಿ ವಾಹನದ ದಾಖಲೆ ಇದೆ ಎಂಬುದನ್ನು ಖಚಿತಪಡಿಸಿಕೊಳ್ಳುವ ಕ್ರಮ ಇದಾಗಿದೆ. ಆ ಬಳಿಕ ನೋಂದಾಯಿತ ಮೊಬೈಲ್ ಸಂಖ್ಯೆಗೆ ಒಟಿಪಿ ರವಾನೆಯಾಗುತ್ತದೆ. ಅಂದರೆ ಚಾಸಿಸ್ ಸಂಖ್ಯೆಯು ಬೀಗದ ಎರಡು ಕೀಲಿಗಳ ಪೈಕಿ ಒಂದು ಇದ್ದಂತೆ. ಅದನ್ನು ಚಿತ್ರದ ಮೂಲಕ ಪಡೆದುಕೊಂಡ ವಂಚಕರಿಗೆ ಉಳಿಯುವುದು ಒಟಿಪಿ ಒಂದೇ. "ನಿಮ್ಮ ಸ್ಮಾರ್ಟ್ ಕಾರ್ಡ್ ಅಂಚೆಯಲ್ಲಿ ಹಿಂದಿರುಗಿದೆ, ಮತ್ತೆ ಕಳುಹಿಸಲು ಮೊಬೈಲಿಗೆ ಬಂದಿರುವ ಸಂಖ್ಯೆಯನ್ನು ತಿಳಿಸಿ" ಎಂದು ಸಾರಿಗೆ ಕಛೇರಿಯ ಹೆಸರಿನಲ್ಲಿ ಕರೆ ಮಾಡುವವರು ಚಾಸಿಸ್ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ತಪ್ಪಿಲ್ಲದೆ ಓದಿ ಹೇಳಿದಾಗ ಮಾಲೀಕರಿಗೆ ಸಂಶಯ ಬರುವುದಾದರೂ ಹೇಗೆ? ಆದ್ದರಿಂದ ವಿವರಗಳನ್ನು ಸರಿಯಾಗಿ ಹೇಳಿದರು ಎಂಬ ಕಾರಣಕ್ಕೆ ಯಾವುದೇ ಕರೆಯನ್ನು ನಂಬತಕ್ಕದ್ದಲ್ಲ. ಒಟಿಪಿಯನ್ನು ದೂರವಾಣಿಯಲ್ಲಿ ಕೇಳುವವರು ಯಾವ ಕಛೇರಿಯ ಹೆಸರು ಹೇಳಿದರೂ ತಿಳಿಸತಕ್ಕದ್ದಲ್ಲ.

ಚಾಸಿಸ್ ಸಂಖ್ಯೆಯು ಚಿತ್ರದಲ್ಲಿ ಎಲ್ಲೆಲ್ಲಿ ಕಾಣಬಹುದು ಎಂಬುದು ಬಹಳಷ್ಟು ಮಾಲೀಕರಿಗೆ ತಿಳಿದಿರುವುದಿಲ್ಲ. ಬಾನೆಟ್‌ನ ಒಳಭಾಗ ಅಥವಾ ಬಾಗಿಲ ಕಂಬದಲ್ಲಿರುವ ತಯಾರಕರ ಫಲಕದಲ್ಲಿ, ಕೆಲವು ಮಾದರಿಗಳಲ್ಲಿ ಮುಂಭಾಗದ ಗಾಜಿನ ಕೆಳ ಮೂಲೆಯಲ್ಲಿ 17 ಅಕ್ಷರಗಳ ಈ ಸಂಖ್ಯೆ ಇರುತ್ತದೆ. ಇದಲ್ಲದೆ ಅತಿ ಸುರಕ್ಷಿತ ನೋಂದಣಿ ಫಲಕದ ಜೊತೆಗೆ ನೀಡಲಾಗುವ, ಮುಂಭಾಗದ ಗಾಜಿನ ಒಳಬದಿಗೆ ಅಂಟಿಸುವ ಮೂರನೆಯ ನೋಂದಣಿ ಗುರುತಿನ ಸ್ಟಿಕ್ಕರ್‌ನಲ್ಲಿ ನೋಂದಣಿ ಸಂಖ್ಯೆ, ನೋಂದಣಿ ಪ್ರಾಧಿಕಾರದ ಹೆಸರು, ಫಲಕದ ಲೇಸರ್ ಸಂಖ್ಯೆಗಳೊಂದಿಗೆ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳೂ ಮುದ್ರಿತವಾಗಿರುತ್ತವೆ. ಈ ಫಲಕಗಳು 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾಗಿದ್ದು, ಅದಕ್ಕೂ ಹಿಂದಿನ ವಾಹನಗಳಿಗೆ ರಾಜ್ಯದಲ್ಲಿ 2023ರ ಆಗಸ್ಟ್ ತಿಂಗಳಲ್ಲಿ ಆದೇಶ ಹೊರಡಿಸಲಾಯಿತು. ಪೆಟ್ರೋಲ್ ವಾಹನಗಳಿಗೆ ತಿಳಿನೀಲಿ, ಡೀಸೆಲ್ ವಾಹನಗಳಿಗೆ ಕಿತ್ತಳೆ ಬಣ್ಣದ ಈ ಸ್ಟಿಕ್ಕರನ್ನು ಇಂದಿನ ಮೊಬೈಲ್ ಕ್ಯಾಮೆರಾಗಳು ನಾಲ್ಕಾರು ಅಡಿ ದೂರದಿಂದಲೂ ಓದಲು ಬರುವಂತೆ ಸೆರೆಹಿಡಿಯಬಲ್ಲವು. ಗಾಜಿಗೆ ಹೂವಿನ ಹಾರ ಹಾಕಿ ಹತ್ತಿರದಿಂದ ತೆಗೆದ ಪೂಜೆಯ ಚಿತ್ರದಲ್ಲಿ ಹಾರದ ಪಕ್ಕದಲ್ಲಿಯೇ ಇದು ಕಾಣುವುದುಂಟು.

ನೋಂದಣಿ ಪ್ರಮಾಣ ಪತ್ರದ ಚಿತ್ರವನ್ನು ಯಾವುದೇ ಕಾರಣಕ್ಕೂ ಸಾರ್ವಜನಿಕವಾಗಿ ಪ್ರಕಟಿಸಬಾರದು. ಅದರಲ್ಲಿ ಮಾಲೀಕರ ಪೂರ್ಣ ಹೆಸರು, ತಂದೆ ಅಥವಾ ಪತಿಯ ಹೆಸರು, ವಿಳಾಸ, ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ವಾಹನದ ಮೇಲಿನ ಸಾಲದ ವಿವರಗಳು ಒಂದೇ ಕಡೆ ಇರುತ್ತವೆ. ತಪಾಸಣೆಯ ವೇಳೆ ತೋರಿಸಲು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆಪ್‌ನಲ್ಲಿರುವ ದಾಖಲೆಯು ಮಾನ್ಯವಾಗಿರುವುದರಿಂದ, ಪ್ರಮಾಣ ಪತ್ರದ ಚಿತ್ರವನ್ನು ವಾಟ್ಸಾಪ್ ಗುಂಪುಗಳಲ್ಲಿ ಇರಿಸಿಕೊಳ್ಳುವ ಅವಶ್ಯಕತೆಯೂ ಇರುವುದಿಲ್ಲ.

ಷೋರೂಂಗಳಲ್ಲಿ ವಾಹನ ಹಸ್ತಾಂತರದ ವೇಳೆ ಮಾಲೀಕರ ಕೈಗೆ ರಟ್ಟಿನ ದೊಡ್ಡ ಕೀಲಿಯನ್ನು ಕೊಟ್ಟು ಚಿತ್ರ ತೆಗೆಯುವ ಪದ್ಧತಿಯಿದೆ. ಸುರಕ್ಷತೆಯ ದೃಷ್ಟಿಯಿಂದ ಅದೇ ಉತ್ತಮ. ನಿಜವಾದ ಕೀಲಿಯ ಹಲ್ಲುಗಳು ಸ್ಪಷ್ಟವಾಗಿ ಕಾಣುವ ಚಿತ್ರದಿಂದ ಹಳೆಯ ಮಾದರಿಯ ವಾಹನಗಳಿಗೆ ನಕಲಿ ಕೀಲಿ ತಯಾರಿಸಲು ಸಾಧ್ಯವಿದೆ.

ಮಾರಾಟದ ಜಾಹೀರಾತು ನೀಡುವಾಗ

ಹಳೆಯ ವಾಹನಗಳ ಮಾರಾಟ ಜಾಲತಾಣಗಳಲ್ಲಿ ಹಾಕಿದ ಚಿತ್ರಗಳನ್ನು ವಂಚಕರು ನಕಲು ಮಾಡಿಕೊಂಡು, ಅದೇ ವಾಹನವನ್ನು ತಮ್ಮದೆಂದು ಕಡಿಮೆ ಬೆಲೆಗೆ ಮತ್ತೊಂದು ಊರಿನಲ್ಲಿ ಜಾಹೀರಾತು ಮಾಡುವುದು ಕಂಡುಬಂದಿದೆ. ಸೇನೆಯಲ್ಲಿ ಅಥವಾ ಕೇಂದ್ರ ಪಡೆಗಳಲ್ಲಿ ಕೆಲಸ ಮಾಡುತ್ತಿರುವುದಾಗಿ, ವರ್ಗಾವಣೆಯ ಕಾರಣದಿಂದ ತುರ್ತಾಗಿ ಮಾರುತ್ತಿರುವುದಾಗಿ ನಂಬಿಸಿ ಮುಂಗಡ ಹಣ ಪಡೆಯುವುದು ಇವರ ಪರಿಚಿತ ವಿಧಾನ. ಸಂಶಯಪಟ್ಟು ದಾಖಲೆ ಕೇಳಿದವರಿಗೆ ನಿಜವಾದ ಮಾಲೀಕರು ಹಿಂದೆ ಯಾರಿಗೋ ಕಳುಹಿಸಿದ ನೋಂದಣಿ ಪ್ರಮಾಣ ಪತ್ರದ ಚಿತ್ರವನ್ನೇ ತೋರಿಸುತ್ತಾರೆ. ಹಣ ಕಳೆದುಕೊಂಡ ವ್ಯಕ್ತಿ ಪ್ರಮಾಣ ಪತ್ರದಲ್ಲಿರುವ ವಿಳಾಸವನ್ನು ಹುಡುಕಿಕೊಂಡು ಬಂದಾಗ, ಏನೊಂದೂ ಅರಿಯದ ಮಾಲೀಕರು ಬಾಗಿಲಲ್ಲಿ ಉತ್ತರ ಕೊಡಬೇಕಾಗುತ್ತದೆ.

ಆದುದರಿಂದ ಜಾಹೀರಾತಿನ ಚಿತ್ರಗಳಲ್ಲಿ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಮರೆಮಾಡಿ, ಕೆಎ-22 ಅಥವಾ ಕೆಎ-25 ಎಂಬ ಭಾಗವನ್ನು ಮಾತ್ರ ಉಳಿಸಿದಲ್ಲಿ ಖರೀದಿದಾರರಿಗೆ ಅಗತ್ಯವಿರುವ ಮಾಹಿತಿ ದೊರೆಯುತ್ತದೆ. ಮನೆಯ ಅಂಗಳದ ಬದಲು ಸಾರ್ವಜನಿಕ ಸ್ಥಳದಲ್ಲಿ ಚಿತ್ರ ತೆಗೆಯುವುದು ಸೂಕ್ತ. ದಾಖಲೆಗಳನ್ನು ಖರೀದಿದಾರರು ಪ್ರತ್ಯಕ್ಷ ಭೇಟಿಯಾದಾಗ ತೋರಿಸಬೇಕು. ಕಳುಹಿಸಲೇಬೇಕಾದ ಸಂದರ್ಭದಲ್ಲಿ ಪ್ರತಿಯ ಮೇಲೆ "ಇಂತಹವರಿಗೆ, ಇಂತಹ ದಿನಾಂಕದಂದು, ಪರಿಶೀಲನೆಗೆ ಮಾತ್ರ" ಎಂದು ಅಡ್ಡಲಾಗಿ ಬರೆದು, ಚಾಸಿಸ್ ಸಂಖ್ಯೆಯ ಕೊನೆಯ ಅಕ್ಷರಗಳನ್ನು ಮುಚ್ಚಿ ಕಳುಹಿಸತಕ್ಕದ್ದು. ಮುಂಗಡ ನೀಡುವುದಾಗಿ ಕ್ಯೂಆರ್ ಕೋಡ್ ಕಳುಹಿಸಿ ಸ್ಕ್ಯಾನ್ ಮಾಡಲು ಹೇಳುವವರ ವಿಷಯದಲ್ಲಿ ಜಾಗರೂಕರಾಗಿರಬೇಕು. ಹಣ ಸ್ವೀಕರಿಸಲು ಯುಪಿಐ ಪಿನ್ ನಮೂದಿಸುವ ಅವಶ್ಯಕತೆ ಎಂದಿಗೂ ಇರುವುದಿಲ್ಲ.

ಮಾರಾಟವಾದ ನಂತರ ಹೊಸ ಮಾಲೀಕರ ಜೊತೆ ನಿಂತು ತೆಗೆಸಿಕೊಂಡ ಚಿತ್ರವು ಮಾಲೀಕತ್ವ ವರ್ಗಾವಣೆಗೆ ಆಧಾರವಾಗುವುದಿಲ್ಲ. ಅಧಿನಿಯಮದ 50ನೇ ಪ್ರಕರಣದಂತೆ, ರಾಜ್ಯದೊಳಗಿನ ಮಾರಾಟವಾದಲ್ಲಿ ಮಾರಾಟಗಾರರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಇದಕ್ಕೆ ನಮೂನೆ 29 ಮತ್ತು 30 ನಿಗದಿಯಾಗಿವೆ. ನೋಂದಣಿ ದಾಖಲೆಯಲ್ಲಿ ಹೆಸರು ಬದಲಾಗದಿದ್ದಲ್ಲಿ, ವಾಹನ ಕೈಬದಲಾಗಿದ್ದರೂ ಅಪಘಾತ ಪರಿಹಾರದ ಹೊಣೆಗಾರಿಕೆ ನೋಂದಾಯಿತ ಮಾಲೀಕರದ್ದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿರುತ್ತದೆ.

ಚಿತ್ರದೊಳಗೆ ಅಡಗಿರುವ ಸ್ಥಳ ಮತ್ತು ಸಮಯ

ಮೊಬೈಲ್ ಕ್ಯಾಮೆರಾದಲ್ಲಿ ಸ್ಥಳ ಗುರುತಿಸುವ ಸೌಲಭ್ಯವು ಚಾಲ್ತಿಯಲ್ಲಿದ್ದರೆ, ಪ್ರತಿ ಚಿತ್ರದ ಕಡತದಲ್ಲಿಯೇ ಅಕ್ಷಾಂಶ, ರೇಖಾಂಶ, ದಿನಾಂಕ ಮತ್ತು ಸಮಯ ದಾಖಲಾಗುತ್ತವೆ. ಅಕ್ಷಾಂಶವನ್ನು ದಶಮಾಂಶದ ನಾಲ್ಕು ಸ್ಥಾನಗಳವರೆಗೆ ನೀಡಿದರೆ ಸುಮಾರು 11 ಮೀಟರುಗಳೊಳಗೆ ಸ್ಥಳವನ್ನು ಗುರುತಿಸಬಹುದು, ಅಂದರೆ ಒಂದು ನಿವೇಶನದ ಅಳತೆಯಷ್ಟೇ. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಈ ವಿವರಗಳು ಅಳಿಸಿಹೋಗುತ್ತವೆ. ಆದರೆ ಚಿತ್ರದ ಗುಣಮಟ್ಟ ಕಾಪಾಡುವ ಉದ್ದೇಶದಿಂದ ಅದೇ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಅಥವಾ ಇ-ಮೇಲ್ ಮೂಲಕ ಕಳುಹಿಸಿದಲ್ಲಿ ಎಲ್ಲ ವಿವರಗಳೂ ಸ್ವೀಕರಿಸುವವರಿಗೆ ತಲುಪುತ್ತವೆ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಸ್ಥಳದ ಸೌಲಭ್ಯವನ್ನು ನಿಲ್ಲಿಸುವುದು ಅಥವಾ ಚಿತ್ರದ ಸ್ಕ್ರೀನ್‌ಷಾಟ್ ತೆಗೆದು ಅದನ್ನು ಕಳುಹಿಸುವುದು ಸುಲಭ ಮಾರ್ಗ.

ಕಡತದಲ್ಲಿ ಏನೂ ಇಲ್ಲದಿದ್ದರೂ ಹಿನ್ನೆಲೆಯು ಹೇಳುವುದು ಬಹಳ. ಮನೆಯ ಸಂಖ್ಯೆ, ಎದುರಿನ ಅಂಗಡಿಯ ನಾಮಫಲಕ, ಗಾಜಿಗೆ ಅಂಟಿಸಿದ ವಸತಿ ಸಮುಚ್ಚಯದ ಫ್ಲಾಟ್ ಸಂಖ್ಯೆಯುಳ್ಳ ಸ್ಟಿಕ್ಕರ್, ಕಛೇರಿಯ ಪಾರ್ಕಿಂಗ್ ಚೀಟಿ, ಶಾಲೆಯ ಗುರುತು, ಇವೆಲ್ಲವೂ ಚಿತ್ರದಲ್ಲಿ ಬರುತ್ತವೆ. ಹಿಂಭಾಗದ ಗಾಜಿನ ಮೇಲೆ ಮಕ್ಕಳ ಹೆಸರು ಬರೆಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಮಗುವಿನ ಹೆಸರು, ಶಾಲೆಯ ಸ್ಟಿಕ್ಕರ್ ಹಾಗೂ ವಾಹನದ ಸಂಖ್ಯೆ ಒಂದೇ ಚಿತ್ರದಲ್ಲಿದ್ದರೆ, ಅಪರಿಚಿತ ವ್ಯಕ್ತಿಯು ಶಾಲೆಯ ಗೇಟಿನ ಬಳಿ ಮಗುವನ್ನು ಹೆಸರು ಹಿಡಿದು ಕರೆದು "ನಿಮ್ಮ ತಂದೆಯ ಸ್ನೇಹಿತ" ಎಂದು ನಂಬಿಸುವುದಕ್ಕೆ ಬೇಕಾದುದೆಲ್ಲವೂ ಅದರಲ್ಲಿರುತ್ತದೆ. ವಾಹನದ ಉಳಿದೆಲ್ಲ ವಿವರಗಳಿಗಿಂತ ಮೊದಲು ಮುಚ್ಚಬೇಕಾದದ್ದು ಇದನ್ನು. ಕುಟುಂಬ ಸಮೇತ ಪ್ರವಾಸದಲ್ಲಿರುವಾಗ ದಾರಿಯುದ್ದಕ್ಕೂ ವಾಹನದ ಚಿತ್ರಗಳನ್ನು ಪ್ರಕಟಿಸಿದಲ್ಲಿ ಮನೆಗೆ ಬೀಗ ಹಾಕಿದೆ ಎಂಬ ಸಂಗತಿಯೂ ಪ್ರಕಟವಾಗುತ್ತದೆ. ಮರಳಿ ಬಂದ ನಂತರ ಹಾಕಿದರೆ ಚಿತ್ರಗಳ ಅಂದವೇನೂ ಕಡಿಮೆಯಾಗದು.

ಮರೆಮಾಡುವ ವಿಧಾನದಲ್ಲಿಯೂ ಗಮನವಿರಲಿ. ಮೊಬೈಲ್‌ನಲ್ಲಿರುವ ಹೈಲೈಟರ್ ಪೆನ್ನಿನ ಕಪ್ಪು ಬಣ್ಣವು ಅರೆಪಾರದರ್ಶಕವಾಗಿದ್ದು, ಅದರಿಂದ ಗೀಚಿದ ಅಂಕಿಗಳನ್ನು ಚಿತ್ರದ ಬೆಳಕು ಹೆಚ್ಚಿಸಿ ಓದಬಹುದು. ಪೂರ್ಣ ದಪ್ಪನೆಯ ಬಣ್ಣದ ಚೌಕದಿಂದ ಮುಚ್ಚುವುದು ಖಚಿತವಾದ ವಿಧಾನ. ಕೆಲವು ಮೊಬೈಲ್‌ಗಳು ಚಿತ್ರದ ಜೊತೆಗೆ ಒಂದೆರಡು ಸೆಕೆಂಡುಗಳ ವಿಡಿಯೋವನ್ನೂ ಉಳಿಸುವುದರಿಂದ ಆ ಸೌಲಭ್ಯವನ್ನು ನಿಲ್ಲಿಸಿ ಕಳುಹಿಸಬೇಕು.

ಫಾಸ್ಟ್ಯಾಗ್ ಕುರಿತ ತಪ್ಪು ಕಲ್ಪನೆ

ಗಾಜು ಒರೆಸುವ ಹುಡುಗನೊಬ್ಬ ಕೈಗಡಿಯಾರದಿಂದ ಫಾಸ್ಟ್ಯಾಗ್ ಸ್ಕ್ಯಾನ್ ಮಾಡಿ ಹಣ ಕದಿಯುವಂತೆ ತೋರಿಸುವ ವಿಡಿಯೋ 2022ರ ಜೂನ್ ತಿಂಗಳಲ್ಲಿ ವ್ಯಾಪಕವಾಗಿ ಹರಡಿತ್ತು. ಫಾಸ್ಟ್ಯಾಗ್ ವ್ಯವಸ್ಥೆಯಲ್ಲಿ ಹಣವು ನೋಂದಾಯಿತ ವ್ಯಾಪಾರಿಗಳಿಗೆ ಮಾತ್ರ ಸಂದಾಯವಾಗುವುದೇ ಹೊರತು ವ್ಯಕ್ತಿಗಳಿಗೆ ಅಲ್ಲ ಎಂದು ರಾಷ್ಟ್ರೀಯ ಪಾವತಿ ನಿಗಮವು ಆಗಲೇ ಸ್ಪಷ್ಟಪಡಿಸಿದೆ. ಚಿತ್ರದಲ್ಲಿ ಫಾಸ್ಟ್ಯಾಗ್ ಕಂಡರೆ ಹಣ ಹೋಗುವುದಿಲ್ಲ. ಅದರ ಮೇಲಿನ ಸಂಖ್ಯೆಯನ್ನು ಹೇಳಿ ಬ್ಯಾಂಕಿನವರೆಂದು ಕರೆ ಮಾಡುವವರು ಇರುವುದರಿಂದ ಮಾತ್ರ ಅದನ್ನು ಮುಚ್ಚುವುದು ಒಳಿತು. ಸಂಶಯಗಳಿಗೆ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ನ್ನು ಸಂಪರ್ಕಿಸಬಹುದು.

ಇತರರ ವಾಹನಗಳ ಚಿತ್ರಗಳು

ಟ್ಯಾಕ್ಸಿ ಅಥವಾ ಆಟೋ ಏರುವ ಮುನ್ನ ಅದರ ಸಂಖ್ಯೆಯ ಹಾಗೂ ಚಾಲಕರ ವಿವರಗಳ ಫಲಕದ ಚಿತ್ರವನ್ನು ಮನೆಯವರಿಗೆ ಕಳುಹಿಸುವುದು ಉತ್ತಮ ಅಭ್ಯಾಸವಾಗಿದ್ದು, ವಿಶೇಷವಾಗಿ ಮಹಿಳೆಯರು ಮತ್ತು ಹಿರಿಯ ನಾಗರಿಕರು ಇದನ್ನು ಮುಂದುವರಿಸುವಂತೆ ಕೋರಲಾಗಿದೆ. ಸಂಚಾರ ನಿಯಮ ಉಲ್ಲಂಘನೆಯನ್ನು ಕಂಡವರು ಚಿತ್ರವನ್ನು ಪೊಲೀಸರಿಗೆ ಸಲ್ಲಿಸಬೇಕೇ ಹೊರತು ಅಪವಾದದ ಬರಹದೊಂದಿಗೆ ಎಲ್ಲೆಡೆ ಹರಡುವುದು ಸರಿಯಲ್ಲ. ಫಲಕವು ನಕಲಿಯಾಗಿದ್ದಲ್ಲಿ ನಿರಪರಾಧಿಗಳು ನಿಂದನೆಗೆ ಗುರಿಯಾಗುತ್ತಾರೆ. ಅಪಘಾತದ ಸ್ಥಳದಿಂದ ಬಂದ ವಾಹನದ ಚಿತ್ರದ ಮೂಲಕ ಮನೆಯವರಿಗೆ ಸಾವಿನ ಸುದ್ದಿ ಮೊದಲು ತಿಳಿಯುವಂತಾಗಬಾರದು.

ಕಾನೂನಿನ ರಕ್ಷಣೆ ಮತ್ತು ಅದರ ಮಿತಿ

ಖಾಸಗಿತನವು ಸಂವಿಧಾನದ 21ನೇ ಅನುಚ್ಛೇದದಡಿ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಕೇಂದ್ರ ಸಾರಿಗೆ ಸಚಿವಾಲಯವು ವಾಹನ ನೋಂದಣಿ ದತ್ತಾಂಶವನ್ನು ಸಗಟಾಗಿ ಹಂಚಿಕೊಳ್ಳಲು 2019ರಲ್ಲಿ ರೂಪಿಸಿದ್ದ ನೀತಿಯನ್ನು ಖಾಸಗಿತನದ ಕಾರಣಗಳಿಗಾಗಿ 2020ರಲ್ಲಿ ಕೈಬಿಡಲಾಯಿತು. ಬಳಿಕ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ 2023 ಅನುಮೋದನೆಗೊಂಡು, ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದೆ. ಅವುಗಳನ್ನು ಹಂತ ಹಂತವಾಗಿ ಜಾರಿಗೆ ತರಲು ಅವಕಾಶ ಕಲ್ಪಿಸಲಾಗಿದೆ. ಇಲ್ಲಿ ಒಂದು ಮುಖ್ಯ ಅಂಶವಿದೆ. ವ್ಯಕ್ತಿಯು ತಾನೇ ಸಾರ್ವಜನಿಕವಾಗಿ ಪ್ರಕಟಿಸಿದ ವೈಯಕ್ತಿಕ ದತ್ತಾಂಶಕ್ಕೆ ಈ ಅಧಿನಿಯಮವು ಅದರ 3ನೇ ಪ್ರಕರಣದ ಪ್ರಕಾರ ಅನ್ವಯಿಸುವುದಿಲ್ಲ. ಅಂದರೆ ಇಲಾಖೆಯ ಅಥವಾ ಕಂಪನಿಯ ವಶದಲ್ಲಿರುವಾಗ ರಕ್ಷಣೆ ಪಡೆಯುವ ವಿಳಾಸವು, ಮಾಲೀಕರು ಅದನ್ನು ಎಲ್ಲರಿಗೂ ಕಾಣುವಂತೆ ಹಾಕಿದ ಕ್ಷಣದಿಂದ ಆ ರಕ್ಷಣೆಯ ಹೊರಗೆ ಉಳಿಯುತ್ತದೆ.

ಚಿತ್ರವನ್ನು ಬಳಸಿಕೊಂಡು ವಂಚಿಸಿದವರ ಮೇಲೆ ಕ್ರಮ ಜರುಗಿಸಲು ಇದರಿಂದ ಅಡ್ಡಿಯಿಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 66ಸಿ ಮತ್ತು 66ಡಿ ಪ್ರಕರಣಗಳಡಿ ಗುರುತಿನ ಕಳವು ಹಾಗೂ ಕಂಪ್ಯೂಟರ್ ಸಾಧನ ಬಳಸಿ ಸೋಗು ಹಾಕಿ ವಂಚಿಸುವುದಕ್ಕೆ 3 ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

ನೋಂದಣಿ ಸಂಖ್ಯೆ ನಕಲಾದಲ್ಲಿ ಅಥವಾ ವಂಚನೆ ನಡೆದಲ್ಲಿ

ಮನೆಯಲ್ಲಿ ನಿಂತಿರುವ ವಾಹನಕ್ಕೆ ದೂರದ ಊರಿನಿಂದ ದಂಡದ ಸೂಚನೆ ಬಂದಾಗ ಮಾಲೀಕರು ಗಾಬರಿಯಾಗುವುದು ಸಹಜ. ಮೊದಲಿಗೆ ಆ ಸೂಚನೆಯೇ ನಿಜವೇ ಎಂದು ಪರಿಶೀಲಿಸಬೇಕು. ವಾಹನದ ಸಂಖ್ಯೆಯನ್ನು ನಮೂದಿಸಿ ವಾಟ್ಸಾಪ್‌ನಲ್ಲಿ ಬರುವ ಇ-ಚಲನ್ ಸಂದೇಶದ ಜೊತೆಗೆ ಎಪಿಕೆ ಕಡತವಿದ್ದಲ್ಲಿ ಅದು ವಂಚನೆ. ಅದನ್ನು ತೆರೆದರೆ ಮೊಬೈಲ್‌ನ ಸಂದೇಶಗಳು, ಒಟಿಪಿ ಸಹಿತ, ವಂಚಕರ ಕೈಸೇರುತ್ತವೆ. ದಂಡದ ವಿವರವನ್ನು ಸಂದೇಶದ ಕೊಂಡಿಯ ಮೂಲಕ ನೋಡದೆ, ಪರಿವಾಹನ್ ಇ-ಚಲನ್ ಜಾಲತಾಣಕ್ಕೆ ಸ್ವತಃ ತೆರಳಿ ಅಥವಾ ಹತ್ತಿರದ ಸಂಚಾರ ಪೊಲೀಸ್ ಠಾಣೆಯಲ್ಲಿ ಖಚಿತಪಡಿಸಿಕೊಳ್ಳಬೇಕು.

ಸೂಚನೆ ನಿಜವಾಗಿದ್ದು ವಾಹನ ತಮ್ಮದಲ್ಲವಾದಲ್ಲಿ, ಕ್ಯಾಮೆರಾ ಸೆರೆಹಿಡಿದ ಚಿತ್ರವನ್ನು ಪಡೆದು ವಾಹನದ ಮಾದರಿ, ಬಣ್ಣ, ಚಕ್ರಗಳು, ಗೀರುಗಳು ಮತ್ತು ಸ್ಟಿಕ್ಕರ್‌ಗಳನ್ನು ತಮ್ಮ ವಾಹನದೊಂದಿಗೆ ಹೋಲಿಸಬೇಕು. ಅಸಲಿ ಅತಿ ಸುರಕ್ಷಿತ ಫಲಕದಲ್ಲಿ ಅಶೋಕ ಚಕ್ರದ ಹೊಲೊಗ್ರಾಂ, ನೀಲಿ ಬಣ್ಣದ ಐಎನ್‌ಡಿ ಅಕ್ಷರಗಳು ಹಾಗೂ ಲೇಸರ್‌ನಿಂದ ಕೊರೆದ ಸಂಖ್ಯೆ ಇರುತ್ತವೆ. ನಕಲಿ ಫಲಕಗಳಲ್ಲಿ ಇವು ಹೊಂದಿಕೆಯಾಗುವುದು ಅಪರೂಪ. ಇಲ್ಲಿ ಮಾಲೀಕರ ಹಳೆಯ ಚಿತ್ರಗಳೇ ನೆರವಿಗೆ ಬರುತ್ತವೆ. ಸಾರ್ವಜನಿಕವಾಗಿ ಹಂಚುವ ಪ್ರತಿಯಿಂದ ಸ್ಥಳ ಮತ್ತು ಸಮಯವನ್ನು ಅಳಿಸಬೇಕಾದರೂ, ಮೂಲ ಚಿತ್ರಗಳನ್ನು ಆ ವಿವರಗಳ ಸಮೇತ ತಮ್ಮಲ್ಲಿಯೇ ಉಳಿಸಿಕೊಳ್ಳುವುದು ಒಳ್ಳೆಯದು. ಅಂದು ವಾಹನವು ಬೇರೆಡೆ ಇತ್ತು ಎಂಬುದನ್ನು ತೋರಿಸಲು ಅವುಗಳನ್ನೂ, ಫಾಸ್ಟ್ಯಾಗ್ ಪಾವತಿಯ ವಿವರವನ್ನೂ ಹಾಜರುಪಡಿಸಬಹುದು. ವಿಮಾ ಪರಿಹಾರದ ಅರ್ಜಿಗೂ ಇಂತಹ ಚಿತ್ರಗಳು ಉಪಯುಕ್ತ.

ಈ ಆಧಾರಗಳೊಂದಿಗೆ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಸಲ್ಲಿಸಿ, ಸ್ವೀಕೃತಿ ಪಡೆದು, ಅದರ ಪ್ರತಿಯನ್ನು ದಂಡ ವಿಧಿಸಿದ ಸಂಚಾರ ಪೊಲೀಸರಿಗೆ ಹಾಗೂ ವಾಹನ ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಛೇರಿಗೆ ಸಲ್ಲಿಸತಕ್ಕದ್ದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಘಟನೆ ನಡೆದ ವ್ಯಾಪ್ತಿಯನ್ನು ಪರಿಗಣಿಸದೆ ಯಾವುದೇ ಠಾಣೆಯಲ್ಲಿ ನೀಡಬಹುದಾಗಿದೆ. ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣವು ವಂಚಕರ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಹಿಡಿಯುವ ಸಾಧ್ಯತೆ ಆರಂಭದ ಕೆಲವು ಗಂಟೆಗಳಲ್ಲಿಯೇ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ನೋಂದಣಿ ದಾಖಲೆಯಲ್ಲಿ ಮಧ್ಯವರ್ತಿಗಳ ಅಥವಾ ಹಿಂದಿನ ಮಾಲೀಕರ ಮೊಬೈಲ್ ಸಂಖ್ಯೆ ಉಳಿದಿದ್ದಲ್ಲಿ ಒಟಿಪಿ ಅವರಿಗೇ ತಲುಪುವುದರಿಂದ, ಅಂತಹ ಮಾಲೀಕರು ಪರಿವಾಹನ್ ಜಾಲತಾಣದಲ್ಲಿ ತಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನು ಕೂಡಲೇ ದಾಖಲಿಸಿಕೊಳ್ಳುವಂತೆಯೂ, ಸಾಧ್ಯವಾಗದಿದ್ದಲ್ಲಿ ನೋಂದಣಿ ಪ್ರಮಾಣ ಪತ್ರ ಹಾಗೂ ಗುರುತಿನ ದಾಖಲೆಯೊಂದಿಗೆ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಛೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸುವಂತೆಯೂ ಕೋರಲಾಗಿದೆ.